ಏಳನೇ ಗ್ರೀನಿನ ಅಂಚು

ಏಳನೇ ಗ್ರೀನನ್ನು, ಕುಳಿಯ ಸುತ್ತಲಿನ ಆ ನುಣ್ಣನೆಯ ಹುಲ್ಲುಹಾಸನ್ನು, ಬೈಯದ ಮೆಂಬರು ಆ ಗಾಲ್ಫ್ ಕ್ಲಬ್ಬಿನಲ್ಲಿ ಒಬ್ಬರೂ ಇರಲಿಲ್ಲ. ಉಳಿದ ಎಂಟು ಗ್ರೀನುಗಳಲ್ಲಿ ಚೆಂಡು ಹೇಳಿದ ಮಾತು ಕೇಳುತ್ತದೆ, ಇಲ್ಲಿಗೆ ಬಂದರೆ ಮಾತ್ರ ಅದಕ್ಕೆ ಎಲ್ಲಿಲ್ಲದ ಹಟ ಎಂದು ಎಲ್ಲರ ದೂರು. ಇಳಿಜಾರಿನಲ್ಲಿ ಸರಸರನೆ ಓಡುವ ಚೆಂಡು, ಇನ್ನೇನು ಹಳ್ಳಕ್ಕೆ ಬಿತ್ತು ಎನ್ನುವಾಗ, ಯಾರೋ ಕೈ ಅಡ್ಡ ಹಿಡಿದ ಹಾಗೆ ಗಕ್ಕನೆ ನಿಂತುಬಿಡುತ್ತಿತ್ತು. ಹಳ್ಳದ ಕಡೆಯ ಅಂಚಿನ ಹತ್ತಿರವೇ ಕುಳಿ ಕೊರೆದ ದಿನವಂತೂ ಕೇಳುವುದೇ ಬೇಡ, ಎಷ್ಟು ತಳ್ಳಿದರೂ ಚೆಂಡು ಒಂದು ಗೇಣು ಈಚೆಗೇ ಸುಸ್ತಾಗಿ ಕೂರುವುದು. ಕೋಲನ್ನು ನೆಲಕ್ಕೆ ಬಡಿದವರುಂಟು, ಟೋಪಿ ಕಿತ್ತೆಸೆದವರುಂಟು. ಈ ಬೈಗುಳವನ್ನೆಲ್ಲ ಬೇವಿನ ಮರದ ಕೆಳಗೆ ಕೂತು ಕೇಳುತ್ತ ಸೌಡಮ್ಮ ಸೆರಗಿನ ಮರೆಯಲ್ಲಿ ನಗುತ್ತಿದ್ದಳು. ಆ ಅಂಚನ್ನು ಮಾಡಿದವಳೇ ಅವಳು. ಹದಿನಾಲ್ಕು ವರ್ಷ ಈ ಸಂಗತಿ ಅವಳೊಬ್ಬಳಿಗೇ ಗೊತ್ತಿತ್ತು.

ಮದುಕ್ಕರೈ ದಾಟಿ, ಪಾಲಕ್ಕಾಡು ರಸ್ತೆ ಬಿಟ್ಟು ಎಡಕ್ಕೆ ತಿರುಗಿದರೆ ಆ ಕ್ಲಬ್ಬು. ಒಂಬತ್ತು ಕುಳಿಯ ಆಟ. ಅದನ್ನು ಹಾಕಿಸಿದ್ದು ವೇಲುಸಾಮಿ ಎಂಬ ಹಳೆಯ ಮಿಲ್ ಮ್ಯಾನೇಜರು. ಆ ಮನುಷ್ಯ ನಕ್ಷೆ ಗಿಕ್ಷೆ ಎಂದು ತಲೆ ಕೆಡಿಸಿಕೊಂಡವನಲ್ಲ. ಊರುಗೋಲು ಹಿಡಿದು ಆರು ತಿಂಗಳು ನೆಲದ ಮೇಲೆ ಅಡ್ಡಾಡಿದ. ಇದ್ದ ಬಂಡೆಯನ್ನು ಇದ್ದಲ್ಲೇ ಬಿಟ್ಟ. ಮೂರನೆಯದರ ನಟ್ಟನಡುವೆ ಹುಣಸೆಮರ, ಐದನೆಯದಕ್ಕೆ ಸುಣ್ಣಕಲ್ಲು ತೆಗೆದ ಹಳೆಯ ಗುಂಡಿಯ ನೀರು, ಏಳನೆಯದಕ್ಕೆ ಈ ಹಳ್ಳ. ಅಕ್ಟೋಬರ್ ಕೊನೆಯ ಐಪ್ಪಸಿಯ ಮಳೆ ಬಿಟ್ಟರೆ ವರ್ಷವೆಲ್ಲ ಒಣಗಿರುವ ಹಳ್ಳ, ತುಂಬ ಮುಳ್ಳು. ಹಳ್ಳದ ಆಚೆ ದಡದಲ್ಲಿ ನಿಂತು ಈಚೆ ದಡದ ಗ್ರೀನಿಗೆ ಹೊಡೆಯಬೇಕು. ಗ್ರೀನು ಹಳ್ಳದ ಕಡೆಗೇ ಇಳಿಜಾರು. ಸಾಲದೆಂಬಂತೆ ವೈಕಾಸಿಯಿಂದ ಆವಣಿಯವರೆಗೆ, ಅಂದರೆ ಮೇ ನಡುವಿನಿಂದ ಸೆಪ್ಟೆಂಬರಿನವರೆಗೆ, ಪಾಲಕ್ಕಾಡು ಕಣಿವೆಯಿಂದ ನುಗ್ಗುವ ಗಾಳಿ. ಆ ಗಾಳಿ ಗ್ರೀನಿನ ಮೇಲೆ ಬಿದ್ದ ಚೆಂಡನ್ನು ಬೆನ್ನಿಗೆ ಕೈ ಹಾಕಿ ಹಳ್ಳಕ್ಕೆ ತಳ್ಳುತ್ತದೆ.

ಸೌಡಮ್ಮ ಕುನಿಯಮುತ್ತೂರಿನ ನೇಕಾರರ ಬೀದಿಯವಳು. ದೇವಾಂಗದವರು, ಮನೆಯಲ್ಲಿ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಆ ಬೀದಿಯಲ್ಲಿ ಮಗ್ಗಗಳು ಒಂದೊಂದಾಗಿ ನಿಂತ ವರ್ಷ ಅವಳ ಮನೆಯದೂ ನಿಂತಿತು. ಗಂಡ ನಂಜಪ್ಪನ್ ಪವರ್‌ಲೂಮಿಗೆ ಹೋದ, ಇವಳು ಗಾಲ್ಫ್ ಮೈದಾನದ ಹುಲ್ಲಿನ ಕೆಲಸಕ್ಕೆ ಬಂದಳು. ಬಂದ ಮೊದಲ ತಿಂಗಳೇ ಏಳನೇ ಗ್ರೀನಿಗೆ ಹುಲ್ಲು ನೆಡುವ ಕೆಲಸ. ಗರಿಕೆಯ ಬಳ್ಳಿಯನ್ನು ತುಂಡು ಮಾಡಿ ಸುಮ್ಮನೆ ಚೆಲ್ಲಿ, ಮೇಲೆ ಮಣ್ಣು ಹಾಕಿ, ತುಳಿಯಿರಿ ಎಂದರು ವೇಲುಸಾಮಿ. ಚೆಲ್ಲುವುದೆ! ಎಳೆ ಎಳೆ ಎಣಿಸಿ ಬೆಳೆದ ಕೈಗೆ ಚೆಲ್ಲುವುದು ಹೇಗೆ ಬರುತ್ತದೆ? ಅವಳು ಎರಡು ಗೂಟ ನೆಟ್ಟು ದಾರ ಕಟ್ಟಿದಳು. ದಾರದ ಗುಂಟ ಒಂದೊಂದೇ ತುಂಡನ್ನು, ತುದಿ ಎಲ್ಲ ಹಳ್ಳದ ಕಡೆಗೆ ಬರುವ ಹಾಗೆ ಊರುತ್ತ ಬಂದಳು. ಹಳ್ಳದ ದಡಕ್ಕೆ ನಾಲ್ಕು ಮೊಳ ಉಳಿಯಿತು ಎನ್ನುವಾಗ ಕೈ ನಿಂತಿತು. ಇಷ್ಟು ಅಗಲದ ಮೈ ನೇಯ್ದು ಅಂಚಿಲ್ಲದೆ ಬಿಡುವುದೆ? ಮನಸ್ಸು ಬರಲಿಲ್ಲ. ಆ ನಾಲ್ಕು ಮೊಳದಲ್ಲಿ ತಿರುಗಿ ಕೂತು ತುದಿಗಳನ್ನೆಲ್ಲ ಎದುರು ದಿಕ್ಕಿಗೆ, ಇಳಿಜಾರಿನ ಮೇಲ್ಮುಖಕ್ಕೆ ನೆಟ್ಟಳು.

ಹುಲ್ಲು ಹತ್ತಿದ ಮೇಲೆ ಮನೆಯಿಂದ ಕುಂಚ ತಂದಳು. ನೇಕಾರರ ಬೀದಿಯಲ್ಲಿ ನಸುಕಿಗೆ ಹಾಸನ್ನು, ಮಗ್ಗಕ್ಕೆ ಹೂಡುವ ಉದ್ದೆಳೆಗಳನ್ನು, ಉದ್ದಕ್ಕೆ ಬಿಗಿದು ಗಂಜಿ ಹಚ್ಚಿ ತೀಡುವ ಕುಂಚ ಅದು. ಬೇರಿನ ನಾರಿನದು, ಎರಡು ಕೈಯಲ್ಲಿ ಹಿಡಿಯಬೇಕು, ಅವಳ ಅತ್ತೆಯ ಅತ್ತೆಯ ಕಾಲದ್ದು. ಬಿಸಿಲೇರುವ ಮುಂಚೆ ತೀಡಿದರೆ ಎಳೆಯೆಲ್ಲ ಒಂದೇ ಮುಖಕ್ಕೆ ಮಲಗುತ್ತದೆ. ಅದೇ ಕುಂಚದಲ್ಲಿ ಅವಳು ದಿನಾ ಬೆಳಿಗ್ಗೆ ಗ್ರೀನಿನ ಇಬ್ಬನಿ ಒರೆಸುತ್ತ ಮೈಯನ್ನು ಹಳ್ಳದ ಕಡೆಗೂ ಅಂಚನ್ನು ಮೇಲಕ್ಕೂ ತೀಡುವಳು. ಇಬ್ಬನಿ ಒರೆಸುತ್ತಿದ್ದಾಳೆ, ಪಾಪ, ಎಂದುಕೊಂಡರು ನೋಡಿದವರು. ವೇಲುಸಾಮಿಯವರು ಸಾಯುವವರೆಗೂ ಏಳನೆಯದರಲ್ಲಿ ಚೆಂಡು ನಿಲ್ಲುವುದು ಗಾಳಿಯ ಸುಳಿಯಿಂದ ಎಂದೇ ವಾದಿಸುತ್ತಿದ್ದರು.

ಹೀಗೆ ನಡೆದುಕೊಂಡು ಹೋಗುತ್ತಿದ್ದಾಗ ಪದ್ಮಪ್ರಿಯಾ ಬಂದಳು.

ಬೆಂಗಳೂರಿನ ಹುಡುಗಿ, ಮೂವತ್ತೈದು ದಾಟಿರಲಿಕ್ಕಿಲ್ಲ. ಗಾಲ್ಫ್ ಮೈದಾನಗಳ ವಿನ್ಯಾಸ ಮಾಡುವುದೇ ಅವಳ ಉದ್ಯೋಗ. ಬರುವ ಆಡಿ ತಿಂಗಳಲ್ಲಿ, ಅಂದರೆ ಜುಲೈ ಕೊನೆಗೆ, ಕ್ಲಬ್ಬಿನಲ್ಲಿ ದೊಡ್ಡ ಟೂರ್ನಮೆಂಟು, ಅಷ್ಟರೊಳಗೆ ಮೈದಾನ ಸರಿಮಾಡಿಕೊಡಿ ಎಂದು ಕರೆಸಿದ್ದರು. ಕರೆಸಿದವರು ಕ್ಲಬ್ಬಿನ ಕಾರ್ಯದರ್ಶಿ ರಾಮಪ್ರಸಾದ್, ಕೊಯಮತ್ತೂರಿನಲ್ಲಿ ಕಣ್ಣಿನ ಡಾಕ್ಟರು, ಮೂರು ತಲೆಮಾರಿನಿಂದ ಅಲ್ಲೇ ಇರುವ ಕನ್ನಡದ ಮನೆತನ. ಏಳನೆಯದಕ್ಕೆ ಬಂದವಳೇ ಪದ್ಮಪ್ರಿಯಾ ಮಂಡಿಯೂರಿ ಕೂತು ಹುಲ್ಲಿನ ಮೇಲೆ ಅಂಗೈ ಸವರಿದಳು. ಬೇವಿನ ಕೆಳಗಿಂದ ನೋಡುತ್ತಿದ್ದ ಸೌಡಮ್ಮನಿಗೆ ಎದೆ ತುಂಬಿ ಬಂತು. ಇಷ್ಟು ವರ್ಷದಲ್ಲಿ ಹುಲ್ಲನ್ನು ಕೋಲಿನಿಂದ ಕುಕ್ಕದೆ ಕೈಯಿಂದ ಮುಟ್ಟಿ ನೋಡಿದವಳು ಇವಳೊಬ್ಬಳೇ. ಅಂಗೈ ಅಂಚಿಗೆ ಬಂದು ತಡೆದು ನಿಂತಿತು. ಹಿಂದೆ ಸವರಿದಳು, ಮುಂದೆ ಸವರಿದಳು.

"ಇಲ್ಲಿ ಹುಲ್ಲು ಉಲ್ಟಾ ಇದೆ," ಎಂದಳು. "ಪೂರ್ತಿ ಅಂಚು. ಯಾರು ಮಾಡಿದ್ದು ಈ ತಪ್ಪು?"

ಮೇಸ್ತ್ರಿ ಕರುಪ್ಪುಸಾಮಿ ಗಾಳಿಯ ಮೇಲೆ ಹಾಕಿದ. ಆಮೇಲೆ ಮಣ್ಣಿನ ಮೇಲೆ ಹಾಕಿದ. ಸುಮ್ಮನಿದ್ದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ತನ್ನ ಕೈಕೆಲಸವನ್ನು ಗಾಳಿ ಮಾಡಿತು ಎಂದರೆ ಯಾವ ನೇಯ್ಗೆಯವಳು ಸುಮ್ಮನಿರುತ್ತಾಳೆ? ಸೌಡಮ್ಮ ಎದ್ದು ಬಂದಳು.

"ನಾನ್ ತಾನ್ ಮಾಡ್ದೆ ಮೇಡಂ. ತಪ್ಪಿಲ್ಲೀಂಗ. ಅದು ಅಂಚು."

"ಅಂಚಾ?"

"ಆಮಾಂಗ. ಸೀರೆಗೆ ಇರ್ತದಲ್ಲ, ಅದೇ ತರ. ಹದ್ನಾಕು ವರ್ಷ ಆಯ್ತು, ಒಂದು ಎಳೆ ಬಿಟ್ಟಿಲ್ಲ."

ಪದ್ಮಪ್ರಿಯಾ ಟೋಪಿ ತೆಗೆದು ಅವಳನ್ನೇ ದಿಟ್ಟಿಸಿದಳು. ನಕ್ಕಳು ಕೂಡ. ಆದರೆ ಕೈಯಲ್ಲಿದ್ದ ಪುಸ್ತಕದಲ್ಲಿ ಏನೋ ಗೀಚಿಕೊಂಡಳು, ಆ ಗೀಚಿದ ರೀತಿ ಸೌಡಮ್ಮನಿಗೆ ಹಿಡಿಸಲಿಲ್ಲ.

ಮಾರನೇ ದಿನ ಸುದ್ದಿ ಬಂತು. ಏಳನೇ ಗ್ರೀನು ಪೂರ್ತಿ ಕಿತ್ತು ಹೊಸ ಹುಲ್ಲು. ಸಮುದ್ರದಂಡೆಯಲ್ಲಿ ಬೆಳೆಯುವ ಜಾತಿಯಂತೆ, ಚಾಪೆಯ ಹಾಗೆ ಸುರುಳಿ ಸುತ್ತಿ ಲಾರಿಯಲ್ಲಿ ಬರುತ್ತದಂತೆ, ಯಾವ ಕಡೆ ಸವರಿದರೂ ಒಂದೇ ಸಮವಂತೆ. ಸೌಡಮ್ಮ ಕೈಯಲ್ಲಿದ್ದ ಕುಂಚವನ್ನೂ ಕೆಳಗಿಡದೆ ಸೀದಾ ಕ್ಲಬ್ ಹೌಸಿಗೆ ನಡೆದಳು. ಹುಲ್ಲಿನ ಕೆಲಸದ ಹೆಂಗಸರು ಹಿಂಬಾಗಿಲಿಗೆ ಬರುವುದು ರೂಢಿ. ಅವಳು ಮುಂಬಾಗಿಲಲ್ಲಿ, ಬರಿಗಾಲಲ್ಲಿ, ಕಾಲ ಮಣ್ಣು ಸಮೇತ ಒಳಗೆ ಬಂದಳು. ಕರುಪ್ಪುಸಾಮಿ ಹಿಂದಿನಿಂದ ಓಡಿ ಬಂದು ಬಾಗಿಲಲ್ಲೇ ನಿಂತುಬಿಟ್ಟ.

ಒಳಗೆ ರಾಮಪ್ರಸಾದ್, ಪದ್ಮಪ್ರಿಯಾ, ಮತ್ತಿಬ್ಬರು ಮೆಂಬರುಗಳು ಕಾಫಿ ಕುಡಿಯುತ್ತಿದ್ದರು.

"ಏನು ಸೌಡಮ್ಮಾ?" ಎಂದರು ಡಾಕ್ಟರು.

"ಏಳನೇದು ಕೀಳ್ಬಾರ್ದೂಂಗ ಡಾಕ್ಟರಯ್ಯಾ."

"ಅದು ಮುಗಿದ್ ವಿಷಯ. ಮೇಡಂ ಶೊಲ್ಲೀಟಾಂಗ, ಅಂದ್ರೆ, ಹೇಳ್ಬಿಟ್ಟಿದಾರೆ. ನಿನಗೆ ಬೇರೆ ಗ್ರೀನ್ ಕೊಡ್ತೀವಿ."

"ಬೇರೇದು ಬ್ಯಾಡ. ಅದರಲ್ಲಿ ಏನು ಕುರೆ, ಏನು ತಪ್ಪು ಅಂತ ಹೇಳ್ಳಿ."

ಪದ್ಮಪ್ರಿಯಾ ಲೋಟ ಕೆಳಗಿಟ್ಟಳು. ಅವಳು ಸೊಕ್ಕಿನವಳಲ್ಲ, ಅದನ್ನು ಒಪ್ಪಬೇಕು. ಎದ್ದು ಬಂದು ಎದುರು ನಿಂತು ಸಮಾಧಾನವಾಗಿಯೇ ಹೇಳಿದಳು: "ನೋಡಿ ಅಮ್ಮ, ನಿಮ್ಮ ಕೆಲಸ ನೀಟಾಗಿದೆ, ನಾನು ಇಲ್ಲ ಅನ್ನಲ್ಲ. ಆದ್ರೆ ಗ್ರೀನ್ ಅನ್ನೋದು ಪ್ರಾಮಾಣಿಕವಾಗಿರಬೇಕು. ಚೆನ್ನಾಗಿ ಹೊಡೆದವರ ಚೆಂಡು ನಿಲ್ಲಬೇಕು, ಕೆಟ್ಟದಾಗಿ ಹೊಡೆದವರದು ಹಳ್ಳಕ್ಕೆ ಹೋಗಬೇಕು. ನಿಮ್ಮ ಅಂಚು ಎಲ್ಲರನ್ನೂ ಹಿಡ್ಕೊಳ್ಳುತ್ತೆ. ಅದು ಮೋಸ."

ಮೋಸ ಎಂಬ ಮಾತಿಗೆ ಸೌಡಮ್ಮನ ಮೈ ಉರಿದುಹೋಯಿತು. ಅವಳ ಅತ್ತೆ ಒಂದು ಎಳೆ ಕಡಿಮೆಯಾದರೆ ಒಂದು ಮೊಳ ಬಿಚ್ಚಿ ಮತ್ತೆ ನೇಯುತ್ತಿದ್ದವಳು.

"ಮೋಸನಾ? ಆಡಿಕಾತ್ತು, ಆಡಿ ತಿಂಗಳ ಗಾಳಿ, ಬೀಸೋವಾಗ ನೀವು ಒಂದು ದಿನ ಆಡಿ ನೋಡಿ ಕಣ್ಣು. ಒಳ್ಳೆ ಹೊಡೆತವೂ ಹಳ್ಳಕ್ಕೇ ಹೋಗ್ತದೆ. ಗಾಳಿ ಮಾಡಿದ ತಪ್ಪಿಗೆ ಚೆಂಡಿಗ್ಯಾಕೆ ದಂಡನೆ?" ಸಿಟ್ಟಿನಲ್ಲೂ ಅವಳ ಬಾಯಿಗೆ ಬಂದದ್ದು ಕಣ್ಣು, ಮಗಳೇ ಎಂದ ಹಾಗೆ.

"ಗಾಳಿ ನೋಡ್ಕೊಂಡು ಹೊಡೆಯೋದೇ ಆಟ. ನನ್ನ ಚೆಂಡೇ ಆಗ್ಲಿ, ಹಳ್ಳಕ್ಕೆ ಹೋಗಬೇಕಾದ್ದು ಹೋಗ್ಲೇಬೇಕು."

"ನಿಮ್ಮ ಚೆಂಡೂವಾ?"

"ನನ್ನದೂ."

ಸೌಡಮ್ಮ ಆ ಮಾತನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಮೆಂಬರೊಬ್ಬರು ಗಡಿಯಾರ ನೋಡಿದರು. ಅವಳಿಗೆ ಗೊತ್ತಾಯಿತು, ಇಲ್ಲಿ ಗೆಲ್ಲುವುದಿಲ್ಲ ಎಂದು. ಹಾಗಂತ ತಲೆ ತಗ್ಗಿಸಿ ಹೋಗುವ ಜಾಯಮಾನ ಅವಳದಲ್ಲ.

"ಶರಿ. ಆದ್ರೆ ಮಿಷನ್ ಬಿಡ್ಬ್ಯಾಡಿ. ನೇಯ್ದವರೇ ಮಗ್ಗದಿಂದ ಬಟ್ಟೆ ಕತ್ತರಿಸ್ಬೇಕು, ಬೇರೆ ಯಾರೂ ಕತ್ತಿ ಹಾಕ್ಬಾರ್ದು. ಅದು ನಮ್ಮಲ್ಲಿ ವಳಕ್ಕ, ಹಿಂದಿಂದ ಬಂದ ಪದ್ಧತಿ. ಏಳನೇದನ್ನ ನಾನೇ ಕತ್ತರಿಸ್ತೀನಿ."

ಇಷ್ಟಕ್ಕೆ ಮುಗಿಯಿತಲ್ಲ ಎಂದು ರಾಮಪ್ರಸಾದ್ ಸಂತೋಷವಾಗಿ ಒಪ್ಪಿಕೊಂಡರು.

ಸಂಕ್ರಾಂತಿ ಕಳೆದು ತೈ ತಿಂಗಳ ಮೊದಲ ವಾರ ಕತ್ತರಿಸಿದರು. ಸೌಡಮ್ಮ ಮತ್ತು ಅವಳ ಜೊತೆಯ ಹೆಂಗಸರು, ಒಟ್ಟು ಹನ್ನೊಂದು ಮಂದಿ. ಅವರಲ್ಲಿ ನಾಚಿಯಮ್ಮ ಎಂಬವಳು ಸೌಡಮ್ಮನಿಗೆ ಬಲಗೈ ಇದ್ದ ಹಾಗೆ. ಮದುಕ್ಕರೈಯವಳು, ತಮಿಳಿನವಳು, ಮಗ್ಗದ ಮುಖ ಕಂಡವಳಲ್ಲ. ಚಪ್ಪಟೆ ಸನಿಕೆ ಹಿಡಿದು ಗರಿಕೆಯನ್ನು ಮೊಳ ಮೊಳದ ಪಟ್ಟಿಯಾಗಿ ಎಬ್ಬಿಸುತ್ತ ಎರಡು ದಿನ ಕೆಲಸ ನಡೆಯಿತು. ಎಬ್ಬಿಸಿದ ಕಡೆಯೆಲ್ಲ ಬಿಳಿ ಬೇರು ಹರಿಯುವ ಸದ್ದು. ಸೌಡಮ್ಮ ಅಳಲಿಲ್ಲ, ಹಲ್ಲು ಕಚ್ಚಿಕೊಂಡು ಕತ್ತರಿಸಿದಳು. ನಾಚಿಯಮ್ಮನೇ ಎರಡು ಸಲ ಮೂಗು ಒರೆಸಿಕೊಂಡಳು.

ಎರಡನೇ ದಿನದ ಸಂಜೆ ಪದ್ಮಪ್ರಿಯಾ ಬಂದು ನೋಡಿದಾಗ ಹಳ್ಳದ ದಡದಲ್ಲಿ ಒಂದು ಮೊಳ ಅಗಲದ ಪಟ್ಟಿ, ಈ ತುದಿಯಿಂದ ಆ ತುದಿಯವರೆಗೆ, ಹಾಗೇ ಇತ್ತು.

"ಇದು ಉಳೀತಲ್ಲ?"

"ಉಳೀಲಿಲ್ಲ, ಉಳಿಸ್ದೆ," ಎಂದಳು ಸೌಡಮ್ಮ. "ನಾವು ಮಗ್ಗ ಬರಿದು ಮಾಡಲ್ಲ ಮೇಡಂ. ಬಟ್ಟೆ ಕತ್ತರಿಸಿದ್ರೂ ಹಳೆ ಹಾಸಿನ ತುದಿ ಒಂದು ಗೇಣು ಮಗ್ಗದಲ್ಲೇ ಬಿಡ್ತೀವಿ. ಹೊಸ ಹಾಸು ಬಂದಾಗ ಒಂದೊಂದು ಎಳೆನೂ ಅದಕ್ಕೇ ಹೊಸೀತೀವಿ. ನಮ್ಮನೆ ಮಗ್ಗ ನಿಂತು ಹದ್ನಾಕು ವರ್ಷ ಆಯ್ತು, ಈಗಲೂ ಆ ತುದಿ ಅದರಲ್ಲೇ ಅದೆ. ಬರಿ ಮಗ್ಗ ಅಂದ್ರೆ ಸತ್ತ ಮಗ್ಗ."

ಪದ್ಮಪ್ರಿಯಾ ಬಗ್ಗಿ ಆ ಪಟ್ಟಿಯನ್ನು ಅಂಗೈಯಿಂದ ಸವರಿದಳು. ಗರಿಕೆ ಹಬ್ಬುವ ಜಾತಿ ಎಂದು ಅವಳಿಗೆ ಗೊತ್ತಿಲ್ಲದೆ ಇಲ್ಲ, ಓದಿದ ಹುಡುಗಿ. ಆದರೂ ಆ ಸಂಜೆ ಅವಳ ಮನಸ್ಸು ಮೆತ್ತಗಾಗಿತ್ತು ಎಂದು ಕಾಣುತ್ತದೆ.

"ಇರಲಿ. ಆದ್ರೆ ಇದು ಹೊಸ ಹುಲ್ಲಿನೊಳಗೆ ಬರಬಾರದು. ತಿಂಗಳಿಗೊಂದು ಸಲ ನೀವೇ ಗೆರೆ ಹಿಡಿದು ಕತ್ತರಿಸ್ತಾ ಇರಿ."

"ಕತ್ತರಿಸಲ್ಲ."

"ಏನು?"

"ಒಂದು ಸಲ ಕತ್ತರಿಸ್ದೆ, ಸಾಕು. ಇನ್ನೊಂದು ಸಲ ನನ್ನ ಕೈಲಿ ಆಗಲ್ಲ, ಬೇರೆಯವರ ಹತ್ರ ಮಾಡಿಸ್ಕೊಳ್ಳಿ. ಮುಖದ ಮುಂದೇನೇ ಹೇಳ್ತಾ ಇದೀನಿ, ಹಿಂದೆ ಹೇಳೋ ಅಭ್ಯಾಸ ನನಗಿಲ್ಲ."

ಕರುಪ್ಪುಸಾಮಿಗೆ ಸಿಟ್ಟು ನೆತ್ತಿಗೇರಿತು. ಮೇಡಮ್ಮಿನ ಎದುರು ತನ್ನ ಮಾನ ಹೋಯಿತೆಂದು ಅವನ ಸಂಕಟ. ಅಲ್ಲೇ ಕೂಗಾಡಿದ. ನಾಳೆಯಿಂದ ಸೌಡಮ್ಮ ಒಂದನೇ ಕುಳಿಗೆ, ಏಳನೆಯದಕ್ಕೆ ಕಾಲಿಟ್ಟಳೋ ಕೆಲಸವೇ ಇಲ್ಲ, ಹನ್ನೊಂದೂ ಜನಕ್ಕೂ ಇಲ್ಲ ಎಂದ. ಕುಂಚ ಕಿತ್ತುಕೊಂಡು ಸಾಮಾನಿನ ಕೋಣೆಗೆ ಎಸೆದು ಬೀಗ ಹಾಕಿದ.

ಸೌಡಮ್ಮ ಬೀಗವನ್ನು ನೋಡಿದಳು, ಅವನನ್ನು ನೋಡಿದಳು.

"ನನ್ನ ಕಾಲು ತಡೀಬಹುದು ಮೇಸ್ತ್ರಿ," ಎಂದಳು ತಮಿಳಿನಲ್ಲಿ. "ಗರಿಕೆಗೆ ಕಾಲಿಲ್ಲ. ಅದನ್ನ ತಡಿ, ನೋಡೋಣ."

ಮನೆಯಲ್ಲಿ ನಂಜಪ್ಪನ್ ಎಲ್ಲ ಕೇಳಿ, "ಬುಡು ಆಚೆಗೆ. ಅವರ ನೆಲ, ಅವರ ಹುಲ್ಲು, ನಿಂಗ್ಯಾಕೆ ಇಲ್ಲದ ವಂಬು, ಜಗಳ?" ಎಂದ. ಸೌಡಮ್ಮ ಅನ್ನದ ತಟ್ಟೆಯನ್ನು ಅವನ ಮುಂದೆ ಕುಕ್ಕಿದ ರಭಸಕ್ಕೆ ಆಮೇಲೆ ಅವನು ಆ ವಿಷಯ ಎತ್ತಲಿಲ್ಲ.

ಹೊಸ ಹುಲ್ಲು ಲಾರಿಯಲ್ಲಿ ಬಂತು, ಹಾಸಿಕೊಂಡಿತು. ನಿಜ ಹೇಳಬೇಕೆಂದರೆ ನೋಡಲು ಬಲು ಚೆಂದ. ಒಂದನೇ ಕುಳಿಯ ಏರಿನ ಮೇಲೆ ನಿಂತರೆ ದೂರದಲ್ಲಿ ಏಳನೆಯದು ಹೊಸದಾಗಿ ಬಣ್ಣ ಬಳಿದ ಗೋಡೆಯಂತೆ ಹೊಳೆಯುತ್ತಿತ್ತು. ಸೌಡಮ್ಮ ಅತ್ತ ನೋಡಬಾರದು ಎಂದುಕೊಂಡು ದಿನಕ್ಕೆ ಇಪ್ಪತ್ತು ಸಲ ನೋಡುತ್ತಿದ್ದಳು. ಅವಳಿಗೆ ಇದ್ದ ಆಸೆ ಒಂದೇ, ಆ ಒಂದು ಮೊಳ ಬದುಕಬೇಕು. ಹಬ್ಬದಿದ್ದರೂ ಸರಿ, ಸಾಯಬಾರದು. ತಿಂಗಳಿಗೊಮ್ಮೆ ಗೆರೆ ಕತ್ತರಿಸುವ ಕೆಲಸವನ್ನು ಕರುಪ್ಪುಸಾಮಿ ನಾಚಿಯಮ್ಮನಿಗೆ ಒಪ್ಪಿಸಿದ್ದ. ಒಂದು ದಿನ ಊಟದ ಹೊತ್ತಿನಲ್ಲಿ ಸೌಡಮ್ಮ ತಡೆಯಲಾರದೆ ಕೇಳಿದಳು, "ಕತ್ತರಿಸ್ತಾ ಇದೀಯೇನೇ?"

"ಆಮಾಂಕ್ಕಾ, ಕತ್ತರಿಸದೆ ಇನ್ನೇನು," ಎಂದ ನಾಚಿಯಮ್ಮ ತಟ್ಟೆಯಿಂದ ತಲೆಯೆತ್ತಲಿಲ್ಲ. ಸೌಡಮ್ಮ ಅವಳೊಡನೆ ನಾಲ್ಕು ದಿನ ಮಾತು ಬಿಟ್ಟಳು.

ವೈಕಾಸಿಯಲ್ಲಿ ಗಾಳಿ ಎದ್ದಿತು. ಏಳನೆಯದರಲ್ಲಿ ಚೆಂಡುಗಳು ಹಳ್ಳಕ್ಕೆ ಬೀಳತೊಡಗಿದವು. ಮೊದಲೆಲ್ಲ ವಾರಕ್ಕೆ ಒಂದೋ ಎರಡೋ, ಈಗ ದಿನಕ್ಕೆ ಹತ್ತು ಹನ್ನೆರಡು. ಆಯ್ದು ತರಬೇಕಾದವರು ಇದೇ ಹೆಂಗಸರು. ಸೀಮೆಜಾಲಿಯ ಮುಳ್ಳಿನಲ್ಲಿ ಕೈಕಾಲು ಗೀರಿಸಿಕೊಂಡು ಮೇಲೆ ಬರುವರು. ಒಂದು ದಿನ ನಾಚಿಯಮ್ಮ ಚೆಂಡೆಂದು ಕೈ ಹಾಕಲು ಹೋಗಿ, ಅದರ ಪಕ್ಕದಲ್ಲೇ ಸುರುಳಿ ಸುತ್ತಿದ್ದ ನಾಗರವನ್ನು ಕಂಡು, ಮೇಲೆ ಬಂದು ಅರ್ಧ ಗಂಟೆ ಬೇವಿನ ಕೆಳಗೆ ಮಲಗಿಬಿಟ್ಟಳು. ಮುಂದಿನ ಆನಿ ತಿಂಗಳು ಕಳೆಯುತ್ತ ಬಂದಂತೆ ಬೀಳುವ ಚೆಂಡುಗಳು ಅದು ಹೇಗೋ ಕಡಿಮೆಯಾದವು. ಯಾಕೆಂದು ಯಾರೂ ಯೋಚಿಸಲಿಲ್ಲ. ಕಷ್ಟ ಬಂದರೆ ಕಾರಣ ಹುಡುಕುವವರು ಕಷ್ಟ ಹೋದರೆ ಹುಡುಕುತ್ತಾರೆಯೇ?

ಟೂರ್ನಮೆಂಟಿನ ಹಿಂದಿನ ದಿನ ಬೆಳಿಗ್ಗೆ ಪದ್ಮಪ್ರಿಯಾ ಬಂದಳು. ತಾನು ಸರಿಮಾಡಿದ ಮೈದಾನದಲ್ಲಿ ತಾನೇ ಒಂದು ಸುತ್ತು ಆಡಿ ನೋಡುತ್ತೇನೆ ಎಂದಳು. ಜೊತೆಗೆ ರಾಮಪ್ರಸಾದ್, ಹಿಂದೆ ಹತ್ತು ಹದಿನೈದು ಮೆಂಬರುಗಳು. ಆಡಿ ತಿಂಗಳ ಗಾಳಿ, ತೆಂಗಿನ ಗರಿಗಳೆಲ್ಲ ಒಂದೇ ಕಡೆ ಹಾರುತ್ತಿದ್ದವು. ಹುಡುಗಿ ಆಡುವುದರಲ್ಲಿ ಗಟ್ಟಿಗಿತ್ತಿ. ಮೂರನೆಯದರ ಹುಣಸೆಮರವನ್ನು ಬಳಸಿ ಹೊಡೆದದ್ದನ್ನು ಕಂಡು ಸೌಡಮ್ಮನೇ ಒಂದನೇ ಕುಳಿಯ ಏರಿನ ಮೇಲೆ ಪೊರಕೆ ನಿಲ್ಲಿಸಿ ನೋಡಿದಳು. ಏಳನೆಯದಕ್ಕೆ ಬಂದು, ಹಳ್ಳದಾಚೆ ನಿಂತು, ಗಾಳಿಗೆ ಒಂದು ಚಿಟಿಕೆ ಹುಲ್ಲು ತೂರಿ ನೋಡಿ, ಮತ್ತೆ ನಿಂತು, ಹೊಡೆದಳು.

ಎಂಥ ಹೊಡೆತ ಅದು! ಗಾಳಿಯನ್ನು ಸೀಳಿಕೊಂಡು ಮೇಲೆ ಹೋದ ಚೆಂಡು ಗ್ರೀನಿನ ನಟ್ಟನಡುವೆ ಇಳಿಯಿತು. ಅಷ್ಟರಲ್ಲಿ ಕಣಿವೆಯಿಂದ ಒಂದು ಬಿರುಸು ಬಂತು. ನಿಂತೇಬಿಟ್ಟಿತು ಎಂದುಕೊಂಡ ಚೆಂಡು ಹಿಂದಕ್ಕೆ ಹೊರಳಿತು, ನುಣುಪಾದ ಹೊಸ ಹುಲ್ಲಿನ ಮೇಲೆ ಹಳ್ಳದ ಕಡೆಗೆ ಉರುಳತೊಡಗಿತು, ಓಡಿತು. ಅಯ್ಯೋ ಎಂದರು ಎಲ್ಲರೂ. ದಡಕ್ಕೆ ಇನ್ನೊಂದು ಗೇಣು ಇರುವಾಗ ಚೆಂಡು ಗಕ್ಕನೆ ನಿಂತಿತು. ಮೆಂಬರುಗಳು ಚಪ್ಪಾಳೆ ತಟ್ಟಿದರು.

ಪದ್ಮಪ್ರಿಯಾ ಚಪ್ಪಾಳೆ ಕಿವಿಗೆ ಹಾಕಿಕೊಳ್ಳಲಿಲ್ಲ. ಹಳ್ಳ ಸುತ್ತಿ ಬಂದು, ಚೆಂಡಿನ ಪಕ್ಕ ಮಂಡಿಯೂರಿ ಅಂಗೈ ಸವರಿದಳು. ಒಂದು ಮೊಳದ ಪಟ್ಟಿ ಹೊಸ ಹುಲ್ಲಿನೊಳಗೆ ನುಗ್ಗಿ ಎರಡೂವರೆ ಮೊಳ ಆಗಿತ್ತು. ಹುಲ್ಲೆಲ್ಲ ಮೇಲ್ಮುಖಕ್ಕೆ ಮಲಗಿತ್ತು. ಅವಳ ಮುಖ ಕೆಂಪೇರಿತು.

"ಆ ಅಮ್ಮನ್ನ ಕರೀರಿ."

ಸೌಡಮ್ಮ ಬಂದಳು. ಗ್ರೀನಿಗೆ ನಾಲ್ಕು ಹೆಜ್ಜೆ ಇರುವಾಗ ನಿಂತಳು.

"ಬನ್ನಿ ಇಲ್ಲಿ."

"ನಾನು ಕಾಲಿಡ್ಬಾರ್ದೂಂಗ. ಮೇಸ್ತ್ರಿ ಆರ್ಡರು. ಅವರೇ ಹೇಳ್ಳಿ, ಬರ್ತೀನಿ."

ಎಲ್ಲರೂ ಕರುಪ್ಪುಸಾಮಿಯ ಕಡೆ ತಿರುಗಿದರು. ಅವನು ಗಂಟಲು ಸರಿಮಾಡಿಕೊಂಡು, "ವಾಂಗಮ್ಮಾ," ಎಂದ, ಬನ್ನಿ ಎಂಬ ಬಹುವಚನದಲ್ಲಿ. ಆರು ತಿಂಗಳ ಹಿಂದೆ ಅವಳನ್ನು ಏಕವಚನದಲ್ಲಿ ಬೈದ ಬಾಯಿ ಅದು. ಸೌಡಮ್ಮ ನಿಧಾನವಾಗಿ ಬಂದು ಕೂತು ಅಂಚಿನ ಮೇಲೆ ಕೈ ಇಟ್ಟಳು. ಬದುಕಿದೆ! ಅವಳ ಕಣ್ಣು ತುಂಬಿತು, ಮುಚ್ಚಿಡುವ ಗೋಜಿಗೆ ಹೋಗಲಿಲ್ಲ.

"ಇದು ನಿಮ್ಮ ಕೆಲಸ ತಾನೆ? ಕದ್ದು ಬಂದು ತೀಡಿದ್ದೀರಿ."

ಸೌಡಮ್ಮ ಇನ್ನೊಂದು ಸಲ ಸವರಿ ನೋಡಿ ಮುಖ ಸಿಂಡರಿಸಿದಳು. "ಇಷ್ಟು ಕೋಣಲಾಗಿ ನಾನು ತೀಡ್ತೀನಾ? ಸೊಟ್ಟ ಸೊಟ್ಟ. ಇದು ಕುಂಚದ್ದಲ್ಲ, ಕಡ್ಡಿಪೊರಕೆದು." ಹೇಳುತ್ತ ಹೇಳುತ್ತಲೇ ಅವಳಿಗೆ ಹೊಳೆಯಿತು. ತಲೆಯೆತ್ತಿ ನೋಡಿದರೆ ನಾಚಿಯಮ್ಮ ಆಕಾಶ ನೋಡುತ್ತಿದ್ದಳು, ಅವಳ ಹಿಂದೆ ಉಳಿದ ಒಂಬತ್ತು ಮಂದಿಯೂ ಆಕಾಶ ನೋಡುತ್ತಿದ್ದರು.

ಕೊನೆಗೆ ನಾಚಿಯಮ್ಮನೇ ಮುಂದೆ ಬಂದಳು. ತಮಿಳಿನಲ್ಲಿ, ರಾಮಪ್ರಸಾದರ ಮುಖಕ್ಕೇ ಹೇಳಿದಳು: "ನಾವೇ ಮಾಡಿದ್ದು ಸಾರ್. ಗೆರೆ ಒಂದು ದಿನವೂ ಕತ್ತರಿಸಿಲ್ಲ. ದಿನಾ ಬೆಳಿಗ್ಗೆ ಅಕ್ಕ ತೀಡ್ತಾ ಇದ್ದ ಹಾಗೇ ಪೊರಕೆಯಲ್ಲಿ ತೀಡಿದೀವಿ. ಚೆಂಡು ಹೊಡೆಯೋರು ನೀವು. ಹಳ್ಳಕ್ಕೆ ಇಳಿದು ಮುಳ್ಳು ಚುಚ್ಚಿಸ್ಕೊಳ್ಳೋರು ನಾವು. ಹಾವಿಗೆ ಕೈ ಕೊಡೋರು ನಾವು. ಅಕ್ಕನಿಗೆ ಹೇಳಿದ್ರೆ ಅವರ ಕೆಲಸ ಹೋಗುತ್ತೆ ಅಂತ ಹೇಳಲಿಲ್ಲ. ತೆಗೆಯೋದಾದ್ರೆ ಹನ್ನೊಂದೂ ಜನಾನ ತೆಗೀರಿ. ನಾಳೆ ನಿಮ್ಮ ಟೂರ್ನಮೆಂಟಿಗೆ ನೀವೇ ಪೊರಕೆ ಹಿಡೀರಿ."

ರಾಮಪ್ರಸಾದ್ ಕನ್ನಡಕ ತೆಗೆದು ಒರೆಸಲು ಶುರುಮಾಡಿದರು. ಆಗ ಸೌಡಮ್ಮ ಚೆಂಡನ್ನು ನೋಡಿದಳು, ದಡವನ್ನು ನೋಡಿದಳು, ಪದ್ಮಪ್ರಿಯಾಳನ್ನು ನೋಡಿದಳು.

"ಅದಿರ್ಲಿ ಕಣ್ಣು. ಈ ಚೆಂಡಿಗೆ ಏನು ಮಾಡಾಣ?"

"ಅಂದ್ರೆ?"

"ಹಳ್ಳಕ್ಕೆ ಹೋಗಬೇಕಾದ್ದು ಹೋಗ್ಲೇಬೇಕು, ನನ್ನದೇ ಆಗ್ಲಿ ಅಂತ ನೀವು ತಾನೆ ಹೇಳಿದ್ರಿ. ನನ್ನ ಅಂಚು ಮೋಸ ಮಾಡಿ ಹಿಡ್ಕೊಂಡದೆ. ತಳ್ಳಿಬಿಡ್ಲಾ?"

ಅಂದವಳೇ ಬಲಗಾಲ ಹೆಬ್ಬೆರಳನ್ನು ಚೆಂಡಿನ ಹಿಂದೆ ಇಟ್ಟಳು. ಮುಟ್ಟಲಿಲ್ಲ, ಇಟ್ಟಳು ಅಷ್ಟೆ. ಪದ್ಮಪ್ರಿಯಾ ಆ ಹೆಬ್ಬೆರಳನ್ನೇ ನೋಡುತ್ತಿದ್ದಳು. ಅವಳು ತನ್ನ ಜೀವಮಾನದಲ್ಲೇ ಹೊಡೆದ ಒಳ್ಳೆಯ ಹೊಡೆತಗಳಲ್ಲಿ ಅದೊಂದು.

"ನಾನು ಚೆನ್ನಾಗೇ ಹೊಡೆದಿದ್ದೆ," ಎಂಬ ಮಾತು ಅವಳ ಬಾಯಿಂದ ಜಾರಿತು. ಸಣ್ಣ ಹುಡುಗಿಯ ದನಿಯಲ್ಲಿ.

"ಗೊತ್ತು ಕಣ್ಣು. ನಾನೂ ನೋಡ್ದೆ."

ಪದ್ಮಪ್ರಿಯಾ ಹಳ್ಳದ ಆಚೆ ದಡ ನೋಡಿದಳು. ಆಮೇಲೆ ಕೈಯಲ್ಲಿದ್ದ ಕೋಲನ್ನು ನೆಲದ ಮೇಲಿಟ್ಟು, "ತಳ್ಳಬೇಡಿ," ಎಂದಳು. "ಅಂಚು ಇರಲಿ. ಈ ಗಾಳಿಗೆ ಅದು ಬೇಕು. ನಾನು ಜನವರಿಯಲ್ಲಿ ಬಂದು ನೋಡಿ ತೀರ್ಮಾನ ಮಾಡಿದೆ, ಆಡಿಯಲ್ಲಿ ನಿಂತು ನೋಡಬೇಕಾಗಿತ್ತು."

"ಬಾಯಿಮಾತು ಸಾಲಲ್ಲ. ಬರೆದು ಕೊಡಿ."

ಪದ್ಮಪ್ರಿಯಾ ಪುಸ್ತಕ ತೆಗೆದು ಕನ್ನಡದಲ್ಲಿ ಬರೆಯಲು ಹೊರಟಳು. ಸೌಡಮ್ಮ ತಡೆದಳು. "ಕನ್ನಡ ಮಾತಾಡಕ್ಕೆ ಬರ್ತದೆ, ಓದಕ್ಕೆ ನಮ್ಮ ಬೀದೀಲಿ ಯಾರಿಗೂ ಬರಲ್ಲ. ತಮಿಳಲ್ಲಿ ಬರೀರಿ, ನಾಚಿ ಓದ್ತಾಳೆ." ಪದ್ಮಪ್ರಿಯಾಳಿಗೆ ತಮಿಳು ಬರೆಯಲು ಬಾರದು. ಕಡೆಗೆ ರಾಮಪ್ರಸಾದರೇ ನಿಂತುಕೊಂಡು ಬರೆದರು: ಏಳನೇ ಗ್ರೀನಿಗೆ ಹಳ್ಳದ ಕಡೆ ನಾಲ್ಕು ಮೊಳ ಗರಿಕೆಯ ಅಂಚು ಇರತಕ್ಕದ್ದು, ಅದನ್ನು ಸೌಡಮ್ಮ ಮತ್ತು ಅವಳ ಜೊತೆಯವರ ಹೊರತು ಯಾರೂ ಮುಟ್ಟತಕ್ಕದ್ದಲ್ಲ. ಪದ್ಮಪ್ರಿಯಾ ಕೆಳಗೆ ಸಹಿ ಹಾಕಿದಳು. ನಾಚಿಯಮ್ಮ ಎರಡು ಸಲ ಗಟ್ಟಿಯಾಗಿ ಓದಿದಳು, ಎರಡನೇ ಸಲ ಬೇಕಾಗಿರಲಿಲ್ಲ, ಆದರೂ ಓದಿದಳು.

ಕರುಪ್ಪುಸಾಮಿ ತಾನೇ ಹೋಗಿ ಬೀಗ ತೆಗೆದು ಕುಂಚ ತಂದುಕೊಟ್ಟ. ಸೌಡಮ್ಮ ಅದಕ್ಕೆ ಅಂಟಿದ್ದ ಜೇಡರ ಬಲೆ ಒರೆಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಅಂಚಿನ ತುದಿಗೆ ಹೋಗಿ ಕೂತಳು.

"ಈಗಲೇ ಯಾಕೆ ಸೌಡಮ್ಮಾ?" ಎಂದರು ರಾಮಪ್ರಸಾದ್. "ಟೂರ್ನಮೆಂಟ್ ಮುಗಿದ ಮೇಲೆ ಮಾಡಿದ್ರೆ ಸಾಲದಾ?"

"ನಾಳೆ ನಾಲ್ಕು ಊರಿನ ಜನ ಬರ್ತಾರೆ ಡಾಕ್ಟರಯ್ಯಾ. ಈ ಕೋಣಲು ಅಂಚು ತೋರಿಸಿ ನನ್ನ ಮಾನ ತೆಗೀಬೇಕಾ?" ಎಂದು, ನಾಚಿಯಮ್ಮನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡು, ಕುಂಚದ ಇನ್ನೊಂದು ತುದಿಯನ್ನು ಅವಳ ಕೈಗೆ ಕೊಟ್ಟಳು.